ಗ್ಲಿಯೋಬ್ಲಾಸ್ಟೋಮಾ ಮತ್ತು ಘಟಪ್ರಭೆಯ ಸೀಮೆ: ಮೆದುಳಿನ ಕ್ಯಾನ್ಸರನ್ನು ಅರಿತ ಚರಿತ್ರೆ

ವಯಸ್ಕರ ಮೆದುಳಿನಲ್ಲೇ ಹುಟ್ಟುವ ಮಾರಕ ಗಡ್ಡೆಗಳಲ್ಲಿ ಗ್ಲಿಯೋಬ್ಲಾಸ್ಟೋಮಾ ಅತಿ ಹೆಚ್ಚು ಕಾಣಸಿಗುವುದೂ ಹೌದು, ಅತಿ ಉಗ್ರವೂ ಹೌದು. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಜಾತಿಯ ಕೋಶಗಳು ಹತೋಟಿ ತಪ್ಪಿ ಬೆಳೆದಾಗ ಇದು ರೂಪುಗೊಳ್ಳುತ್ತದೆ. ಬೆಳಗಿನ ಜಾವದ ತಲೆನೋವು, ವಾಂತಿ, ಹಿಂದೆಂದೂ ಇರದ ಮೂರ್ಛೆ, ಮಾತಿನ ತೊದಲು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ಸ್ವಭಾವ ಬದಲಾಗುವುದು ಇದರ ಸಾಮಾನ್ಯ ಲಕ್ಷಣಗಳು. ಎರೆ ಹೊಲದಲ್ಲಿ ಹಬ್ಬಿದ ಕರಿಕೆಯ ಬೇರಿನಂತೆ ಇದರ ಕೋಶಗಳು ಆರೋಗ್ಯವಂತ ಮೆದುಳಿನೊಳಗೆ ಕಣ್ಣಿಗೆ ಕಾಣದಂತೆ ಹರಡಿರುತ್ತವೆ. ಆದ್ದರಿಂದ ಗಡ್ಡೆಯನ್ನು ಎಷ್ಟೇ ಚೊಕ್ಕಟವಾಗಿ ತೆಗೆದರೂ ಅದು ಮರಳುತ್ತದೆ. ಇಂದಿನ ಪೂರ್ಣ ಚಿಕಿತ್ಸೆ ದೊರೆತರೂ ಅರ್ಧದಷ್ಟು ರೋಗಿಗಳು ಸುಮಾರು ಒಂದೂಕಾಲು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಆದರೆ ಒಂದೇ ವಯಸ್ಸಿನ, ಒಂದೇ ಬಗೆಯ ಶಸ್ತ್ರಚಿಕಿತ್ಸೆಯಾದ ಇಬ್ಬರಲ್ಲಿ ಒಬ್ಬರು ಆರು ತಿಂಗಳಲ್ಲಿ ತೀರಿಕೊಂಡರೆ ಇನ್ನೊಬ್ಬರು ನಾಲ್ಕು ವರ್ಷ ಬದುಕಿದ ಉದಾಹರಣೆಗಳು ವೈದ್ಯರಿಗೆ ಬಹುಕಾಲದಿಂದ ಗೊತ್ತಿದ್ದವು. ಹಣೆಬರಹವೆಂದು ಜನ ಒಪ್ಪಿಕೊಂಡಿದ್ದ ಈ ವ್ಯತ್ಯಾಸದ ಬಹುಭಾಗ ಗಡ್ಡೆಯ ಕೋಶಗಳ ಜೀನುಗಳಲ್ಲಿದೆ ಎಂಬುದು ಖಚಿತವಾದದ್ದು ಕಳೆದ ಎರಡು ದಶಕಗಳಲ್ಲಿ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮಟ್ಟಿಗೆ ಈ ಚರಿತ್ರೆಗೆ ಎರಡು ಎಳೆಗಳಿವೆ. ರೋಗಿಗಳು ಚಿಕಿತ್ಸೆಗಾಗಿ ಹಿಡಿದ ದಾರಿಗಳದ್ದು ಒಂದು, ಗಡ್ಡೆಯ ಒಳಗುಟ್ಟನ್ನು ವಿಜ್ಞಾನ ಬಿಡಿಸಿದ ಬಗೆ ಇನ್ನೊಂದು.

ಮಿರಜದ ದಾರಿ, ಬೆಳಗಾವಿಯ ದಾರಿ

ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. ಹಾಗಾಗಿ ದೊಡ್ಡ ಕಾಯಿಲೆ ಬಂದವರ ಮುಖ ಬೆಂಗಳೂರಿನ ಕಡೆಗಲ್ಲ, ಉತ್ತರದ ಕಡೆಗೆ ತಿರುಗುತ್ತಿತ್ತು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಪುಣೆಯಿಂದ ಮಿರಜದ ಮೇಲೆ ಬೆಳಗಾವಿ, ಲೋಂಡಾಗಳಿಗೆ ಹೋಗುವ ರೈಲು ಹಳಿ ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳನ್ನು ಹಾಯುತ್ತದೆ. ಈ ಹಳಿಯೇ ಹಳ್ಳಿಗಳನ್ನು ಮಿರಜದ ಶಸ್ತ್ರಚಿಕಿತ್ಸಕರ ಮೇಜಿಗೆ ಜೋಡಿಸಿತು. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಹೊಟ್ಟೆಯ ಗಂಟುಗಳಿಗೆ ಹೆಸರಾಗಿದ್ದ ಆ ಕಾಲದ ಶಸ್ತ್ರಚಿಕಿತ್ಸೆಗೆ ಮೆದುಳು ಮಾತ್ರ ಮುಟ್ಟಬಾರದ ಅಂಗವಾಗಿಯೇ ಉಳಿದಿತ್ತು.

ಸ್ಥಳೀಯವಾಗಿಯೂ ವೈದ್ಯಸೇವೆಯ ಗಟ್ಟಿ ಪರಂಪರೆ ಬೆಳೆಯಿತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹಿಂದುಸ್ತಾನಿ ಸೇವಾದಳದ ಸ್ಥಾಪಕ ಡಾ. ನಾ. ಸು. ಹರ್ಡೀಕರ ಅವರ ಒಡನಾಟದಿಂದ ಘಟಪ್ರಭಾ ಊರು ಹೆಸರಾಯಿತು. ಅಲ್ಲಿನ ಕರ್ನಾಟಕ ಆರೋಗ್ಯಧಾಮ ನಾಲ್ಕೂ ಕಡೆಯ ಹಳ್ಳಿಗಳ ರೋಗಿಗಳಿಗೆ ಆಸರೆಯಾಯಿತು. ಸಹಕಾರ ತತ್ತ್ವದ ಮೇಲೆ ನಡೆದ ಜೆ.ಜಿ. ಆಸ್ಪತ್ರೆಯೂ ಅದೇ ಊರಿನದು. ಸಕ್ಕರೆ ಕಾರ್ಖಾನೆ, ಪತ್ತಿನ ಸಂಘ, ವಿದ್ಯುತ್ ಸಂಘಗಳನ್ನೆಲ್ಲ ಸಹಕಾರದಿಂದ ಕಟ್ಟಿದ ಈ ಭಾಗದಲ್ಲಿ ಆಸ್ಪತ್ರೆಯೂ ಆ ಸಾಲಿಗೆ ಸೇರಿದ್ದು ಸಹಜವೇ. ಆದರೂ ತಲೆಬುರುಡೆ ತೆರೆದು ಗಡ್ಡೆ ತೆಗೆಯುವ ಕೆಲಸ ಇಂಥ ಊರುಗಳ ಅಳವಿನಾಚೆಯದು.

ರಾಜ್ಯಗಳ ಪುನರ್ವಿಂಗಡಣೆಯ ನಂತರ ದಾರಿಗಳು ನಿಧಾನವಾಗಿ ದಕ್ಷಿಣಕ್ಕೆ ತಿರುಗಿದವು. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ತೆರೆಯಿತು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜನ್ನು ಆರಂಭಿಸಿತು. ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲ ಅವರ ಪ್ರಯತ್ನದಿಂದ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ನೆಲೆಗೊಂಡಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಬಾಗಿಲು ತೆರೆಯಿತು. ಮಿರಜ ಮತ್ತು ಮುಂಬೈಯ ದಾರಿಗಳೂ ಮುಚ್ಚಲಿಲ್ಲ. 1941ರಲ್ಲಿ ಆರಂಭವಾದ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುವುದು ಈ ಜಿಲ್ಲೆಯ ಕ್ಯಾನ್ಸರ್ ರೋಗಿಗಳಿಗೆ ಇಂದಿಗೂ ರೂಢಿಯಲ್ಲಿದೆ. ಇತ್ತೀಚಿನವರೆಗೂ ಗೋಕಾಕ ತಾಲ್ಲೂಕಿನ ಭಾಗವೇ ಆಗಿದ್ದ ಮೂಡಲಗಿ ಪ್ರತ್ಯೇಕ ತಾಲ್ಲೂಕಾದ ಮೇಲೂ ಅಲ್ಲಿನ ಗಂಭೀರ ರೋಗಿಯ ಪ್ರಯಾಣ ಬೆಳಗಾವಿ ಅಥವಾ ಮಿರಜದತ್ತಲೇ ಸಾಗುತ್ತದೆ.

ಕಣ್ಣಿನಿಂದ ಸೂಕ್ಷ್ಮದರ್ಶಕಕ್ಕೆ

ಗಡ್ಡೆಯನ್ನು ಅರಿಯುವ ಕೆಲಸ ಇದೇ ಅವಧಿಯಲ್ಲಿ ಬೇರೆ ಊರುಗಳಲ್ಲಿ ನಡೆಯುತ್ತಿತ್ತು. 1860ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋವ್ ಈ ಬಗೆಯ ಗಡ್ಡೆಗಳು ಮೆದುಳಿನ ಆಸರೆ ಕೋಶಗಳಿಂದ ಹುಟ್ಟುತ್ತವೆ ಎಂದು ತೋರಿಸಿ ಗ್ಲಿಯೋಮಾ ಎಂಬ ಹೆಸರು ಕೊಟ್ಟರು. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಒಬ್ಬ ಯುವ ರೈತನ ತಲೆಯಿಂದ ಗ್ಲಿಯೋಮಾ ಹೊರತೆಗೆದರು. ಎಕ್ಸ್‌ರೇ ಕೂಡ ಇಲ್ಲದ ಆ ಕಾಲದಲ್ಲಿ, ಕೈಕಾಲಿನ ದೌರ್ಬಲ್ಯವನ್ನು ಪರೀಕ್ಷಿಸಿಯೇ ವೈದ್ಯರು ಗಡ್ಡೆಯ ಜಾಗವನ್ನು ಗುರುತಿಸಿದ್ದರು. ರೋಗಿ ಒಂದು ತಿಂಗಳೊಳಗೆ ಸೋಂಕಿನಿಂದ ತೀರಿಕೊಂಡರೂ ಮೆದುಳಿನ ಶಸ್ತ್ರಚಿಕಿತ್ಸೆ ಸಾಧ್ಯವೆಂಬುದು ಸಾಬೀತಾಯಿತು.

1926ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವೆ ಕುಷಿಂಗ್ ಗ್ಲಿಯೋಮಾಗಳನ್ನು ಕೋಶಗಳ ರೂಪದ ಮೇಲೆ ವಿಂಗಡಿಸಿ, ಪ್ರತಿ ಬಗೆಯ ರೋಗಿ ಎಷ್ಟು ಕಾಲ ಬದುಕುತ್ತಾನೆ ಎಂಬುದನ್ನು ಅದರೊಂದಿಗೆ ಹೊಂದಿಸಿದರು. ಗಡ್ಡೆಯ ಹೆಸರೇ ರೋಗಿಯ ಮುಂದಿನ ಗತಿಯನ್ನು ಸೂಚಿಸಬೇಕು ಎಂಬ ವಿಚಾರ ಅಲ್ಲಿ ನೆಲೆಯೂರಿತು. ಎರಡು ವರ್ಷಗಳ ನಂತರ ವಾಲ್ಟರ್ ಡ್ಯಾಂಡಿ ಗಡ್ಡೆಯಿದ್ದ ಬದಿಯ ಅರ್ಧ ಮೆದುಳನ್ನೇ ತೆಗೆದ ರೋಗಿಗಳ ವರದಿ ಪ್ರಕಟಿಸಿದರು. ಅಂಥ ಘೋರ ಶಸ್ತ್ರಚಿಕಿತ್ಸೆಯ ಬಳಿಕವೂ ಗಡ್ಡೆ ಮರಳುತ್ತಿತ್ತು. ಕತ್ತಿಯೊಂದರಿಂದಲೇ ಈ ರೋಗ ಗುಣವಾಗದು ಎಂಬ ಪಾಠ ಅಂದಿನಿಂದ ಸ್ಪಷ್ಟವಾಗಿದೆ. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆದುಳಿನ ಗಡ್ಡೆಗಳ ಮೊದಲ ಅಂತರರಾಷ್ಟ್ರೀಯ ವರ್ಗೀಕರಣವನ್ನು ಹೊರತಂದಿತು. ಒಂದರಿಂದ ನಾಲ್ಕರವರೆಗಿನ ದರ್ಜೆಗಳಲ್ಲಿ ಗ್ಲಿಯೋಬ್ಲಾಸ್ಟೋಮಾ ನಾಲ್ಕನೆಯದು.

ಭಾರತದಲ್ಲಿ ಆಧುನಿಕ ನರಶಸ್ತ್ರಚಿಕಿತ್ಸೆ ಬೇರೂರಿದ್ದು ಸ್ವಾತಂತ್ರ್ಯದ ಬೆನ್ನಿಗೆ. 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ, 1950ರಲ್ಲಿ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಕೆಲಸ ಆರಂಭಿಸಿದರು. ಮುಂಬೈಯಲ್ಲಿ ಡಾ. ರಾಮ ಗಿಂಡೆ ಈ ವಿದ್ಯೆಯ ಮೊದಲಿಗರಲ್ಲಿ ಒಬ್ಬರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದವರು ಡಾ. ಆರ್. ಎಂ. ವರ್ಮ. 1974ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಾನಸಿಕ ರೋಗಗಳ ಆಸ್ಪತ್ರೆ ಎಂದೇ ಜನ ಗುರುತಿಸುತ್ತಿದ್ದ ಈ ಸಂಸ್ಥೆ ದೇಶದ ಅತಿ ದೊಡ್ಡ ನರರೋಗ ಕೇಂದ್ರಗಳಲ್ಲಿ ಒಂದಾಗಿ ಬೆಳೆಯಿತು. 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಅಲ್ಲಿ ಮಾನವ ಮೆದುಳಿನ ಅಂಗಾಂಶ ಭಂಡಾರ ಸ್ಥಾಪನೆಯಾಯಿತು. ರೋಗಿಗಳ ಮತ್ತು ಕುಟುಂಬಗಳ ಒಪ್ಪಿಗೆಯಿಂದ ಅಂಗಾಂಶವನ್ನು ಕಾಪಿಡುವ ಇಂಥ ಶಿಸ್ತು ಮುಂದಿನ ಜೀನ್ ಸಂಶೋಧನೆಗೆ ಅತ್ಯಗತ್ಯವಾದ ತಳಹದಿ.

ಸ್ಕ್ಯಾನ್, ಕರೆಂಟು, ಮಾತ್ರೆ

1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಸಿ.ಟಿ. ಸ್ಕ್ಯಾನ್ ನಡೆಯಿತು. ಈ ಯಂತ್ರ ಜಿಲ್ಲಾ ಕೇಂದ್ರಗಳವರೆಗೆ ಇಳಿದುಬಂದ ಮೇಲೆ, ಅಲ್ಲಿಯವರೆಗೆ ಮೂರ್ಛೆ ಬೇನೆ ಅಥವಾ ಲಕ್ವ ಎಂಬ ಹೆಸರಿನಲ್ಲೇ ಮುಗಿದುಹೋಗುತ್ತಿದ್ದ ಅನೇಕ ಸಾವುಗಳ ಹಿಂದೆ ಗಡ್ಡೆ ಇರುವುದು ಗೋಚರಿಸತೊಡಗಿತು. ನಂತರ ಬಂದ ಎಂ.ಆರ್.ಐ. ಗಡ್ಡೆಯ ಅಂಚನ್ನು ಇನ್ನೂ ನಿಚ್ಚಳವಾಗಿ ತೋರಿಸಿತು.

ಜನರ ಮಾತಿನಲ್ಲಿ ಕರೆಂಟು ಕೊಡುವುದು ಎನಿಸಿಕೊಂಡ ವಿಕಿರಣ ಚಿಕಿತ್ಸೆಯ ಬೆಲೆ 1978ರಲ್ಲಿ ಖಚಿತವಾಯಿತು. ಆ ವರ್ಷ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯ ಆರೈಕೆ ಮಾತ್ರ ಪಡೆದವರ ಮಧ್ಯಮ ಬದುಕುಳಿವು 14 ವಾರ, ವಿಕಿರಣ ಪಡೆದವರದ್ದು ಸುಮಾರು 35 ವಾರ. ಮಧ್ಯಮ ಬದುಕುಳಿವು ಎಂದರೆ ರೋಗಿಗಳಲ್ಲಿ ಅರ್ಧದಷ್ಟು ಜನ ದಾಟುವ ಅವಧಿ. ಆರು ವಾರಗಳಲ್ಲಿ 30 ಕಂತುಗಳಾಗಿ 60 ಗ್ರೇ ವಿಕಿರಣ ಕೊಡುವುದು ಕ್ರಮೇಣ ರೂಢಿಯಾಯಿತು. ದೂರದ ತಾಲ್ಲೂಕಿನವರಿಗೆ ಇದು ಕಠಿಣವಾದ ಕ್ರಮ. ವಾರಕ್ಕೆ ಐದು ದಿನ ನಡೆಯುವ ಚಿಕಿತ್ಸೆಗಾಗಿ ಇಡೀ ಕುಟುಂಬ ಹೊಲಮನೆ ಬಿಟ್ಟು ನಗರದಲ್ಲಿ ಆರು ವಾರ ನೆಲೆಸಬೇಕು.

ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಸ್ಟೀವನ್ಸ್ ತಂಡ ರೂಪಿಸಿದ ಟೆಮೊಜೊಲೊಮೈಡ್ ಎಂಬ ಔಷಧ ಮುಂದಿನ ಹೆಜ್ಜೆ. 2005ರಲ್ಲಿ ರೋಜರ್ ಸ್ಟೂಪ್ ಮತ್ತು ಸಂಗಡಿಗರು 573 ರೋಗಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ವಿಕಿರಣ ಮಾತ್ರ ಪಡೆದವರ ಮಧ್ಯಮ ಬದುಕುಳಿವು 12.1 ತಿಂಗಳು, ಜೊತೆಗೆ ಈ ಮಾತ್ರೆಯನ್ನೂ ಪಡೆದವರದ್ದು 14.6 ತಿಂಗಳು. ಎರಡು ವರ್ಷ ದಾಟಿದವರ ಪ್ರಮಾಣ ಶೇ. 10.4ರಿಂದ ಶೇ. 26.5ಕ್ಕೆ ಏರಿತು. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಈ ಮೂರೂ ಸೇರಿದ ಕ್ರಮವೇ ಇಂದಿಗೂ ಗ್ಲಿಯೋಬ್ಲಾಸ್ಟೋಮಾ ಚಿಕಿತ್ಸೆಯ ಆಧಾರ.

ಜೀನುಗಳು ಬಾಯಿಬಿಟ್ಟ ಕಾಲ

ಅದೇ ಪರೀಕ್ಷೆಯ ರೋಗಿಗಳಲ್ಲಿ 206 ಜನರ ಗಡ್ಡೆಗಳನ್ನು ಮೋನಿಕಾ ಹೆಗಿ ಮತ್ತು ಸಂಗಡಿಗರು ಎಂಜಿಎಂಟಿ ಎಂಬ ಜೀನಿಗಾಗಿ ಪರಿಶೀಲಿಸಿದರು. ಟೆಮೊಜೊಲೊಮೈಡ್ ಕ್ಯಾನ್ಸರ್ ಕೋಶದ ಡಿಎನ್‌ಎಗೆ ಮೀಥೈಲ್ ಗುಂಪುಗಳನ್ನು ಅಂಟಿಸಿ ಹಾನಿ ಮಾಡುತ್ತದೆ. ಎಂಜಿಎಂಟಿ ಜೀನಿನಿಂದ ತಯಾರಾಗುವ ಪ್ರೋಟೀನು ಆ ಹಾನಿಯನ್ನು ಕಿತ್ತು ಸರಿಪಡಿಸುತ್ತದೆ. ಕೆಲವು ಗಡ್ಡೆಗಳಲ್ಲಿ ಈ ಜೀನಿನ ಆರಂಭದ ಭಾಗಕ್ಕೇ ಮೀಥೈಲ್ ಗುರುತುಗಳು ಕೂತು ಜೀನು ಮುಚ್ಚಿಹೋಗಿರುತ್ತದೆ. ಆಗ ಕೋಶಕ್ಕೆ ದುರಸ್ತಿಯ ದಾರಿ ಇಲ್ಲ, ಔಷಧ ಹೆಚ್ಚು ನಾಟುತ್ತದೆ. ಜೀನು ಮುಚ್ಚಿದ್ದ ರೋಗಿಗಳಲ್ಲಿ ಮಾತ್ರೆ ಮತ್ತು ವಿಕಿರಣ ಎರಡನ್ನೂ ಪಡೆದವರ ಮಧ್ಯಮ ಬದುಕುಳಿವು 21.7 ತಿಂಗಳಿಗೆ ಮುಟ್ಟಿತ್ತು. ಇದು ಜೀನಿನ ಅಕ್ಷರಗಳೇ ಬದಲಾಗುವ ರೂಪಾಂತರವಲ್ಲ, ಜೀನಿನ ಮೇಲಿನ ರಾಸಾಯನಿಕ ಗುರುತು. ಆದರೂ ಗಡ್ಡೆಯ ಅಣು ಮಟ್ಟದ ಪರೀಕ್ಷೆ ಚಿಕಿತ್ಸೆಯ ಫಲವನ್ನು ಮೊದಲೇ ಹೇಳಬಲ್ಲದು ಎಂಬುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು.

ರೂಪಾಂತರಗಳ ಚರಿತ್ರೆ ಅದಕ್ಕೂ ಹಿಂದಿನದು. 1985ರಲ್ಲಿ ಕೆಲವು ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಇಜಿಎಫ್ಆರ್ ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಿರುವುದು ಪತ್ತೆಯಾಯಿತು. ಈ ಜೀನು ಕೋಶಕ್ಕೆ ಬೆಳೆಯುವ ಆಜ್ಞೆ ಕೊಡುವ ಗ್ರಾಹಕವನ್ನು ರೂಪಿಸುತ್ತದೆ. ಪ್ರತಿಗಳು ಹೆಚ್ಚಿದಷ್ಟೂ ಆಜ್ಞೆ ನಿಲ್ಲದೆ ಹೊಮ್ಮುತ್ತದೆ. ಹಾನಿಗೊಂಡ ಕೋಶವನ್ನು ತಡೆದು ನಿಲ್ಲಿಸುವ ಟಿಪಿ53 ಕೆಟ್ಟಿರುವುದು 1989ರಲ್ಲಿ ಕಂಡಿತು. ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಜೀನು ಹತ್ತನೆಯ ವರ್ಣತಂತುವಿನಲ್ಲಿದೆ, ಅದು ಈ ಗಡ್ಡೆಗಳಲ್ಲಿ ಮತ್ತೆಮತ್ತೆ ಕಳೆದುಹೋಗುತ್ತದೆ ಎಂಬುದು 1997ರಲ್ಲಿ ತಿಳಿಯಿತು.

ನಿರ್ಣಾಯಕ ತಿರುವು ಬಂದದ್ದು 2008ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 22 ಗ್ಲಿಯೋಬ್ಲಾಸ್ಟೋಮಾಗಳಲ್ಲಿ 20,000ಕ್ಕೂ ಹೆಚ್ಚು ಜೀನುಗಳನ್ನು ಓದಿದಾಗ, ಕ್ಯಾನ್ಸರಿನೊಂದಿಗೆ ಯಾರೂ ಜೋಡಿಸಿ ನೋಡಿರದ ಐಡಿಎಚ್1 ಜೀನಿನಲ್ಲಿ ರೂಪಾಂತರ ಸಿಕ್ಕಿತು. ಕೋಶದ ಚಯಾಪಚಯಕ್ಕೆ ಸೇರಿದ ಒಂದು ಕಿಣ್ವಕ್ಕೆ ಸೂತ್ರ ಈ ಜೀನು. ಹೆಚ್ಚಿನ ಪ್ರಕರಣಗಳಲ್ಲಿ ಕಿಣ್ವದ 132ನೆಯ ಸ್ಥಾನದ ಆರ್ಜಿನೀನ್ ಜಾಗದಲ್ಲಿ ಹಿಸ್ಟಿಡೀನ್ ಬಂದಿರುತ್ತದೆ. ಒಂದೇ ಒಂದು ಅಮೈನೋ ಆಮ್ಲದ ಈ ಬದಲಾವಣೆಯಿಂದ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೆಯದೇ ವಸ್ತುವನ್ನು ತಯಾರಿಸತೊಡಗುತ್ತದೆ. ಆ ವಸ್ತು ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಅಳಿಸುವ ಕಿಣ್ವಗಳಿಗೆ ಅಡ್ಡಿಯಾಗುತ್ತದೆ. ಕೋಶಗಳು ಬಲಿಯದೆ ಎಳೆತನದಲ್ಲೇ ಉಳಿದು ಗಡ್ಡೆಯಾಗುತ್ತವೆ. ಆದರೆ ಹೀಗೆ ಹುಟ್ಟಿದ ಗಡ್ಡೆ ಉಳಿದವಕ್ಕಿಂತ ನಿಧಾನವಾಗಿ ಬೆಳೆಯುತ್ತದೆ.

ಅದರ ಫಲ ರೋಗಿಯ ಆಯುಷ್ಯದಲ್ಲಿ ಕಾಣುತ್ತದೆ. 2009ರಲ್ಲಿ ಹಾಯ್ ಯಾನ್ ಮತ್ತು ಸಂಗಡಿಗರು 445 ಗಡ್ಡೆಗಳನ್ನು ಪರಿಶೀಲಿಸಿದರು. ಆಗಿನ ವರ್ಗೀಕರಣದ ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಐಡಿಎಚ್ ರೂಪಾಂತರ ಇದ್ದವರ ಮಧ್ಯಮ ಬದುಕುಳಿವು 31 ತಿಂಗಳು, ಇಲ್ಲದವರದ್ದು 15 ತಿಂಗಳು. ಮೂರನೆಯ ದರ್ಜೆಯ ಆಸ್ಟ್ರೋಸೈಟೋಮಾ ಎಂಬ ಗ್ಲಿಯೋಮಾಗಳಲ್ಲಿ ಅಂತರ ಇನ್ನೂ ದೊಡ್ಡದು: 65 ಮತ್ತು 20 ತಿಂಗಳು. ಸೂಕ್ಷ್ಮದರ್ಶಕದಡಿ ಒಂದೇ ಆಗಿ ಕಂಡ ಗಡ್ಡೆಗಳು ಎರಡು ಬೇರೆ ರೋಗಗಳಾಗಿದ್ದವು. ಐಡಿಎಚ್ ರೂಪಾಂತರ ಹೆಚ್ಚಾಗಿ ಕಿರಿಯ ವಯಸ್ಸಿನವರಲ್ಲಿ ಸಿಗುತ್ತದೆ. ಎಳೆಯರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಹಳೆಯ ಅನುಭವಕ್ಕೆ ಕಾರಣದ ಒಂದು ಭಾಗ ಅಲ್ಲಿ ದೊರೆಯಿತು.

ಬೇರೆ ರೂಪಾಂತರಗಳೂ ತಮ್ಮ ಅರ್ಥ ಬಿಟ್ಟುಕೊಟ್ಟವು. ಒಂದನೆಯ ವರ್ಣತಂತುವಿನ ಗಿಡ್ಡ ತೋಳು ಮತ್ತು ಹತ್ತೊಂಬತ್ತನೆಯದರ ಉದ್ದ ತೋಳು ಎರಡೂ ಕಳೆದ ಆಲಿಗೋಡೆಂಡ್ರೋಗ್ಲಿಯೋಮಾ ಎಂಬ ಗ್ಲಿಯೋಮಾಗಳು ಕೀಮೋಥೆರಪಿಗೆ ಚೆನ್ನಾಗಿ ಮಣಿಯುತ್ತವೆ ಎಂಬುದು 1998ರಲ್ಲೇ ತಿಳಿದಿತ್ತು. ಐಡಿಎಚ್ ಸಹಜವಾಗಿದ್ದು ಟರ್ಟ್ ಜೀನಿನ ಚಾಲಕ ಭಾಗ ಮಾತ್ರ ಬದಲಾಗಿದ್ದರೆ ಕೋಶ ಸಾವಿಲ್ಲದೆ ವಿಭಜಿಸುತ್ತ ಹೋಗುತ್ತದೆ, ರೋಗದ ಗತಿ ಕಠೋರವಾಗಿರುತ್ತದೆ. ಮಕ್ಕಳ ಮೆದುಳಿನ ಕಾಂಡದಲ್ಲಿ ಬರುವ ಗಡ್ಡೆಗಳಲ್ಲಿ ಹಿಸ್ಟೋನ್ ಎಚ್3 ಪ್ರೋಟೀನಿನ ರೂಪಾಂತರ 2012ರಲ್ಲಿ ಸಿಕ್ಕಿತು. ಅದು ಅತ್ಯಂತ ಕಡಿಮೆ ಬದುಕುಳಿವಿನ ಗುರುತು.

ಬೆಂಗಳೂರಿನ ಪ್ರಯೋಗಾಲಯಗಳು

ಭಾರತೀಯ ರೋಗಿಗಳ ಗಡ್ಡೆಗಳಲ್ಲಿ ಇವೇ ಪ್ರಶ್ನೆಗಳನ್ನು ಕೇಳಿದ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರು ಒಂದು. ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮತ್ತು ಪಾಟೂರು ಕೊಂಡಯ್ಯ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಎಂ. ಆರ್. ಎಸ್. ರಾವ್, ನಿಮ್ಹಾನ್ಸ್‌ನ ರೋಗಶಾಸ್ತ್ರಜ್ಞೆ ವಾಣಿ ಸಂತೋಷ್, ಅಲ್ಲಿನ ನರಶಸ್ತ್ರಚಿಕಿತ್ಸಕರಾದ ಬಿ. ಎ. ಚಂದ್ರಮೌಳಿ ಮತ್ತು ಎ. ಅರಿವಳಗನ್, ಶ್ರೀ ಸತ್ಯಸಾಯಿ ಆಸ್ಪತ್ರೆಯ ಎ. ಎಸ್. ಹೆಗ್ಡೆ ಈ ಸಂಶೋಧನೆಯಲ್ಲಿ ಕೈಜೋಡಿಸಿದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹೊರಬಂದ ತುಣುಕು ರೋಗಶಾಸ್ತ್ರಜ್ಞರ ಕಣ್ಣಿನ ಕೆಳಗೆ ಹಾದು ಜೀವವಿಜ್ಞಾನಿಗಳ ಮೇಜಿಗೆ ತಲುಪುವ ವ್ಯವಸ್ಥೆ ಇದರಿಂದ ಗಟ್ಟಿಯಾಯಿತು.

2005ರಲ್ಲಿ ಈ ಗುಂಪು, ಕೆಳದರ್ಜೆಯಿಂದ ಮೇಲ್ದರ್ಜೆಗೆ ಏರುವ ಆಸ್ಟ್ರೋಸೈಟೋಮಾಗಳಲ್ಲಿ ಎಎಸ್‌ಸಿಎಲ್1 ಜೀನು ಹೆಚ್ಚು ಸಕ್ರಿಯವಾಗಿರುವುದನ್ನು ವರದಿ ಮಾಡಿತು. 2011ರಲ್ಲಿ ಹತ್ತು ಮೈಕ್ರೋ ಆರ್‌ಎನ್‌ಎಗಳ ಪ್ರಮಾಣವನ್ನು ಅಳೆದು ಗ್ಲಿಯೋಬ್ಲಾಸ್ಟೋಮಾ ರೋಗಿಯ ಬದುಕುಳಿವನ್ನು ಅಂದಾಜಿಸುವ ಕ್ರಮ ಪ್ರಕಟವಾಯಿತು. 2013ರಲ್ಲಿ ಹದಿನಾಲ್ಕು ಜೀನುಗಳ ಇನ್ನೊಂದು ಕ್ರಮ ಬಂತು. ರೋಗನಿರೋಧಕ ಪ್ರತಿಕ್ರಿಯೆಗೆ ಸಂಬಂಧಿಸಿದ ಜೀನುಗಳ ಚಟುವಟಿಕೆಗೂ ಹೆಚ್ಚಿನ ಅಪಾಯಕ್ಕೂ ನಂಟಿರುವುದನ್ನು ಅದು ತೋರಿಸಿತು. ಪಿಟೆನ್ ನಷ್ಟವು ರೋಗಿಯ ಗತಿಯ ಮೇಲೆ ಬೀರುವ ಪರಿಣಾಮವನ್ನು ಒಂದೇ ಬಗೆಯ ಚಿಕಿತ್ಸೆ ಪಡೆದ ವಯಸ್ಕರಲ್ಲಿ ನಿಮ್ಹಾನ್ಸ್ ಪರಿಶೀಲಿಸಿತು. ಐಡಿಎಚ್1 ರೂಪಾಂತರಕ್ಕೂ ಗಡ್ಡೆಯ ದರ್ಜೆಗೂ ಇರುವ ಸಂಬಂಧದ ಅಧ್ಯಯನ 2012ರಲ್ಲಿ ಹೊರಬಂತು. ಪಶ್ಚಿಮದ ರೋಗಿಗಳಲ್ಲಿ ಕಂಡದ್ದನ್ನು ಇಲ್ಲಿನ ರೋಗಿಗಳಲ್ಲೂ ಪರೀಕ್ಷಿಸಿಯೇ ಒಪ್ಪಬೇಕು ಎಂಬ ಎಚ್ಚರ ಈ ಕೆಲಸಗಳ ದೊಡ್ಡ ಗುಣ.

ಹೊಸ ವರ್ಗೀಕರಣ ಮತ್ತು ತಾಲ್ಲೂಕಿನ ರೋಗಿ

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಕ್ಷ್ಮದರ್ಶಕದ ನೋಟದೊಂದಿಗೆ ಜೀನ್ ಪರೀಕ್ಷೆಯನ್ನೂ ಗಡ್ಡೆಯ ಹೆಸರಿಗೆ ಸೇರಿಸಿತು. 2021ರ ಆವೃತ್ತಿ ಇನ್ನೂ ಮುಂದೆ ಹೋಯಿತು. ಈಗ ಗ್ಲಿಯೋಬ್ಲಾಸ್ಟೋಮಾ ಎಂಬ ಹೆಸರು ಐಡಿಎಚ್ ಸಹಜವಾಗಿರುವ ಗಡ್ಡೆಗೆ ಮಾತ್ರ ಸಲ್ಲುತ್ತದೆ. ಐಡಿಎಚ್ ಬದಲಾಗಿದ್ದರೆ ನಾಲ್ಕನೆಯ ದರ್ಜೆಯದ್ದನ್ನೂ ಆಸ್ಟ್ರೋಸೈಟೋಮಾ ಎಂದೇ ಕರೆಯಬೇಕು. ಇದಕ್ಕೆ ಪ್ರತಿಯಾಗಿ, ಐಡಿಎಚ್ ಸಹಜವಾಗಿರುವ ವಯಸ್ಕರ ಆಸ್ಟ್ರೋಸೈಟೋಮಾ ಸೌಮ್ಯವಾಗಿ ಕಂಡರೂ, ಅದರಲ್ಲಿ ಟರ್ಟ್ ರೂಪಾಂತರ, ಇಜಿಎಫ್ಆರ್ ಹೆಚ್ಚಳ, ಇಲ್ಲವೇ ಏಳನೆಯ ವರ್ಣತಂತು ಹೆಚ್ಚಿ ಹತ್ತನೆಯದು ಕಳೆದಿರುವುದು ಕಂಡರೆ ಅದು ಗ್ಲಿಯೋಬ್ಲಾಸ್ಟೋಮಾ. ಐಡಿಎಚ್ ಬದಲಾದ ಗಡ್ಡೆಯಲ್ಲಿ ಸಿಡಿಕೆಎನ್2ಎ ಜೀನಿನ ಎರಡೂ ಪ್ರತಿಗಳು ಕಳೆದಿದ್ದರೆ ಅದನ್ನು ನೇರವಾಗಿ ನಾಲ್ಕನೆಯ ದರ್ಜೆಗೆ ಸೇರಿಸಲಾಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ರೋಗಿಗೆ ಇದರ ಅರ್ಥ ನೇರವಾದದ್ದು. ಜೀನ್ ಪರೀಕ್ಷೆಗೆ ರೋಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಗಡ್ಡೆಯ ತುಣುಕು ಹೋದರೆ ಸಾಕು. ಬೆಳಗಾವಿಯಲ್ಲೋ ಮಿರಜದಲ್ಲೋ ತೆಗೆದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಸಂಸ್ಕರಿಸಿ ಮೇಣದ ಬ್ಲಾಕ್ ಆಗಿ ಕಾಪಿಟ್ಟರೆ ಅದು ವರ್ಷಗಟ್ಟಲೆ ಉಳಿಯುತ್ತದೆ, ಅಂಚೆಯಲ್ಲೂ ಸಾಗುತ್ತದೆ. ಐಡಿಎಚ್1 ರೂಪಾಂತರದ ಅತಿ ಸಾಮಾನ್ಯ ಬಗೆಯನ್ನು ಬಣ್ಣದಿಂದ ತೋರಿಸುವ ಪ್ರತಿಕಾಯವನ್ನು 2009ರಲ್ಲಿ ಹೈಡೆಲ್‌ಬರ್ಗ್‌ನ ತಂಡ ರೂಪಿಸಿದ್ದರಿಂದ, ಪೂರ್ಣ ಜೀನ್ ಓದುವ ಯಂತ್ರವಿಲ್ಲದ ರೋಗಶಾಸ್ತ್ರ ಪ್ರಯೋಗಾಲಯದಲ್ಲೂ ಮೊದಲ ಉತ್ತರ ಸಿಗುತ್ತದೆ. ಆದ್ದರಿಂದ ಬಯಾಪ್ಸಿಯ ವರದಿಯಷ್ಟೇ ಜೋಪಾನವಾಗಿ ಬ್ಲಾಕನ್ನೂ ಕುಟುಂಬ ಕೇಳಿ ಪಡೆಯುವುದು, ಅದನ್ನು ಕಾಯ್ದಿಡುವುದು ಅಗತ್ಯ.

ವೆಚ್ಚದ ಹೊರೆಯೂ ಕಾಲಕ್ರಮದಲ್ಲಿ ಕೊಂಚ ಇಳಿಯಿತು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಡವರ ಕ್ಯಾನ್ಸರ್ ಮತ್ತು ನರಶಸ್ತ್ರಚಿಕಿತ್ಸೆಯನ್ನು ಒಳಗೊಂಡು ಬೆಳಗಾವಿ ವಿಭಾಗಕ್ಕೂ ಹಬ್ಬಿತು. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಬೆಳಗಾವಿಯಲ್ಲಿ ಕೆ.ಎಲ್.ಇ. ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಒಂದು ಶತಮಾನದ ಹಿಂದೆ ಮಿರಜಕ್ಕೆ ರೈಲು ಹತ್ತುತ್ತಿದ್ದ ಸೀಮೆಗೆ ವಿಶೇಷ ಚಿಕಿತ್ಸೆ ಜಿಲ್ಲಾ ಕೇಂದ್ರದಲ್ಲೇ ದೊರೆಯುವಂತಾದದ್ದು ಸಣ್ಣ ಮಾತಲ್ಲ.

ಕುಟುಂಬಗಳನ್ನು ಕಾಡುವ ಒಂದು ಭಯಕ್ಕೂ ಜೀನ್ ವಿಜ್ಞಾನ ಉತ್ತರ ಕೊಟ್ಟಿದೆ. ಈ ರೂಪಾಂತರಗಳು ಬಹುಮಟ್ಟಿಗೆ ರೋಗಿಯ ಜೀವಿತಾವಧಿಯಲ್ಲಿ ಗಡ್ಡೆಯ ಕೋಶಗಳಲ್ಲಿ ಮಾತ್ರ ಹುಟ್ಟಿದವು, ತಂದೆತಾಯಿಯಿಂದ ಬಂದವಲ್ಲ, ಮಕ್ಕಳಿಗೆ ಹೋಗುವವೂ ಅಲ್ಲ. ಲೀ-ಫ್ರಾಮೆನಿಯಂಥ ವಿರಳ ಆನುವಂಶಿಕ ರೋಗಗಳು ಮಾತ್ರ ಇದಕ್ಕೆ ಅಪವಾದ. ಮೆದುಳಿನ ಗಡ್ಡೆ ಅಂಟುರೋಗವೂ ಅಲ್ಲ, ಮನೆತನದ ಕಳಂಕವೂ ಅಲ್ಲ. ಮಗಳ ಲಗ್ನಕ್ಕೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವ ಕಾರಣ ಯಾವುದೂ ಉಳಿದಿಲ್ಲ.

ಬದುಕುಳಿವನ್ನು ಮುಂಗಂಡು ಹೇಳುವ ಜ್ಞಾನ ಈಗ ಔಷಧವಾಗಿಯೂ ಮಾರ್ಪಡುತ್ತಿದೆ. ಬದಲಾದ ಐಡಿಎಚ್ ಕಿಣ್ವವನ್ನು ತಡೆಯುವ ವೊರಾಸಿಡೆನಿಬ್ ಎಂಬ ಮಾತ್ರೆಯನ್ನು ಎರಡನೆಯ ದರ್ಜೆಯ ಗ್ಲಿಯೋಮಾ ಇರುವ 331 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ 11.1 ತಿಂಗಳಿಂದ 27.7 ತಿಂಗಳಿಗೆ ಏರಿತ್ತು. 2024ರ ಆಗಸ್ಟಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಐಡಿಎಚ್ ಸಹಜವಾಗಿರುವ ಗ್ಲಿಯೋಬ್ಲಾಸ್ಟೋಮಾಕ್ಕೆ ಇಂಥ ನೇರ ಗುರಿಯ ಔಷಧ ಇನ್ನೂ ಸಿದ್ಧಿಸಿಲ್ಲ. ಇಜಿಎಫ್ಆರ್ ಗುರಿಯಾಗಿಸಿದ ಪ್ರಯತ್ನಗಳು ಈವರೆಗೆ ಆಯುಷ್ಯ ಹೆಚ್ಚಿಸಿಲ್ಲ. ಅಂಥ ರೋಗಿಗೆ ಎಂಜಿಎಂಟಿ ಪರೀಕ್ಷೆ, ಸಕಾಲದ ಶಸ್ತ್ರಚಿಕಿತ್ಸೆ, ತಪ್ಪದೆ ಮುಗಿಸಿದ ವಿಕಿರಣ ಹಾಗೂ ಟೆಮೊಜೊಲೊಮೈಡ್ ಇವೇ ಇಂದಿನ ಆಸರೆ. ಈ ಚಿಕಿತ್ಸೆ ಎಷ್ಟು ಬೇಗ ಮತ್ತು ಎಷ್ಟು ಪೂರ್ಣವಾಗಿ ದೊರೆಯುತ್ತದೆ ಎಂಬುದರ ಮೇಲೆ ರೋಗಿಯ ಮುಂದಿನ ತಿಂಗಳುಗಳು ನಿಂತಿವೆ.